ಬಾಟಲಿಯ ಮೇಲಿನ ಕೈ

ನನ್ನ ಚಾಚಾನ ಕಣ್ಣಿಗೆ ಏನೂ ಆಗಿರಲಿಲ್ಲ. ಆಗಿದೆ ಎಂದು ಅವರನ್ನು ನಂಬಿಸಿದವಳು ನಾನು. ಒಂದು ಕಂಪನಿಯ ಗುಟ್ಟು ಕಾಯಲು ಹೋಗಿ ಆಡಿದ ಒಂದೇ ಒಂದು ಮಾತು — ಅದನ್ನು ನಂಬಿ ಅವರು ದ್ರಾಕ್ಷಿಯ ಕೈಗಾಡಿ ಬಿಟ್ಟರು, ಪೇಪರ್ ಓದುವುದನ್ನು ಬಿಟ್ಟರು, ರಸ್ತೆ ದಾಟುವಾಗ ಚಾಚಿಯ ತೋಳು ಹಿಡಿಯಲು ಶುರುಮಾಡಿದರು. ಮೂರು ವರ್ಷವಾಯಿತು. ಇದನ್ನು ಸುತ್ತಿ ಬಳಸಿ, ಕೇಳುವವರಿಗೆ ಹಿತವಾಗುವಂತೆ ಹೇಳಲು ನನಗೆ ಚೆನ್ನಾಗಿ ಬರುತ್ತದೆ. ಅದೇ ನನ್ನ ಉದ್ಯೋಗ. ಅದಕ್ಕೇ ಇಲ್ಲಿ ನೇರವಾಗಿ ಬರೆಯುತ್ತಿದ್ದೇನೆ.

ಚಾಚಾ ಎಂದರೆ ನನ್ನ ಅಬ್ಬಾನ ತಮ್ಮ. ನಾವು ವಿಜಯಪುರದ ಕಡೆಯವರು. ಚಾಚಾ ಇನ್ನೂ ಬಿಜಾಪುರ ಎಂದೇ ಅನ್ನುತ್ತಾರೆ. ಅಬ್ಬಾ, ಅಮ್ಮಿ ಇಬ್ಬರೂ ಒಂದೇ ವರ್ಷದಲ್ಲಿ ತೀರಿಕೊಂಡಾಗ ನನಗೆ ನಾಲ್ಕು ವರ್ಷ. ಮಕ್ಕಳಿಲ್ಲದ ಚಾಚಾ, ಚಾಚಿ ನನ್ನನ್ನು ಎತ್ತಿಕೊಂಡು ಮುಂಬಯಿಗೆ ಬಂದರು, ಆಂಟಾಪ್ ಹಿಲ್‌ನ ಒಂದು ಖೋಲಿಯಲ್ಲಿ ಸಂಸಾರ ಹೂಡಿದರು. ಊರಲ್ಲಿ ಅವರು ದ್ರಾಕ್ಷಿ ತೋಟಗಳಲ್ಲಿ ಚಾಟ್ನಿ ಮಾಡುವವರು — ಬಳ್ಳಿಯ ಕಡ್ಡಿಯನ್ನು, ಚಿಗುರೊಡೆಯುವ ಎಷ್ಟು ಕಣ್ಣು ಬಿಟ್ಟು ಎಲ್ಲಿ ಕತ್ತರಿಸಬೇಕು ಎಂಬ ಕೆಲಸಕ್ಕೆ ನಮ್ಮ ಕಡೆ ಹಾಗನ್ನುತ್ತಾರೆ. ಒಂದು ಕಣ್ಣು ಆಚೀಚೆ ಆದರೆ ಆ ವರ್ಷದ ಬೆಳೆಯೇ ಹೋದಂತೆ. ತೋಟದ ಗೌಡರು ಬೇರೆಯವರ ಕೆಲಸವನ್ನು ಹಿಂದೆ ನಿಂತು ನೋಡುತ್ತಿದ್ದರಂತೆ, ಚಾಚಾ ಬಂದ ದಿನ ಮನೆಗೆ ಹೋಗಿ ಊಟ ಮಾಡಿ ಮಲಗುತ್ತಿದ್ದರಂತೆ. ಇದನ್ನು ಚಾಚಾ ವರ್ಷಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದರು. ಚಾಚಿ ಅಷ್ಟೇ ಸಲ ನಗುತ್ತಿದ್ದರು.

ಮುಂಬಯಿಯಲ್ಲಿ ಅವರು ಕೈಗಾಡಿಯಲ್ಲಿ ದ್ರಾಕ್ಷಿ ಮಾರಿದರು. ದ್ರಾಕ್ಷಿಯ ಕಾಲ ಮುಗಿದರೆ ಬೇರೆ ಹಣ್ಣು; ಆದರೆ ಮನಸ್ಸು ದ್ರಾಕ್ಷಿಯಲ್ಲೇ. ಗಿರಾಕಿಗೆ ರುಚಿ ನೋಡಲು ಒಂದು ಮಣಿಯನ್ನೂ ಕೊಡುತ್ತಿರಲಿಲ್ಲ. ಗೊಂಚಲನ್ನು ಬೆಳಕಿಗೆ ಹಿಡಿದು, ತೊಟ್ಟಿನ ಹಸಿರು ನೋಡಿ, ತಾವೇ ತೀರ್ಪು ಕೊಡುತ್ತಿದ್ದರು. ಕೆಲವು ದಿನ, ಇವತ್ತು ತಗೋಬೇಡಿ, ನಾಳೆ ಬನ್ನಿ ಎಂದು ಗಿರಾಕಿಯನ್ನೇ ವಾಪಸು ಕಳಿಸುತ್ತಿದ್ದರು. ವ್ಯಾಪಾರಿಗೆ ಇದು ಶುದ್ಧ ದಡ್ಡತನ. ಆದರೂ ನಮ್ಮ ಕಾಲೊನಿಯ ಹೆಂಗಸರು ಎದುರಿಗಿದ್ದ ನಾಲ್ಕು ಗಾಡಿ ದಾಟಿ ಇವರಲ್ಲಿಗೇ ಬರುತ್ತಿದ್ದರು. ಒಬ್ಬಾತ ಮನೆಯಲ್ಲಿ ವೈನ್ ಮಾಡುತ್ತೇನೆ, ಉದುರಿದ ಮಣಿಗಳನ್ನೆಲ್ಲ ನನಗೇ ಕೊಡಿ ಎಂದು ಕೇಳಿದ್ದ. ಚಾಚಾ ಜಗಳವಾಡಲಿಲ್ಲ. ಅವು ಆಡಿಗೆ ಬೇಕು ಎಂದು ಹೇಳಿ ಕಳಿಸಿದರು. ನಮ್ಮಲ್ಲಿ ಆಡು ಇರಲಿಲ್ಲ.

ನನಗೆ ಕನ್ನಡ ಅಕ್ಷರ ಕಲಿಸಿದ್ದೂ ಅವರೇ. ಊರಿಂದ ಬರುವ ದ್ರಾಕ್ಷಿ ಪೆಟ್ಟಿಗೆಯ ತಳದಲ್ಲಿ ಕನ್ನಡ ಪತ್ರಿಕೆಯ ಹಾಳೆ ಹಾಸಿರುತ್ತಿತ್ತು. ನನಗೆ ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಹಿಂದಿ, ಮನೆಯಲ್ಲಿ ದಖನಿ ಉರ್ದು; ಊರ ಕನ್ನಡ ಬರೇ ಬಾಯಿಮಾತು. ಸಂಜೆ ಪೆಟ್ಟಿಗೆ ಖಾಲಿಯಾದ ಮೇಲೆ ಚಾಚಾ ಆ ಹಾಳೆಯನ್ನು ನೆಲದ ಮೇಲೆ ಹರವಿ, ರಸದ ಕಲೆಯ ನಡುವೆ ಉಳಿದ ಅಕ್ಷರಗಳ ಮೇಲೆ ನನ್ನ ಬೆರಳು ಇಡಿಸುತ್ತಿದ್ದರು. ಅವರ ಎಡಗೈಯ ತೋರುಬೆರಳಿಗೆ ತುದಿಯಿಲ್ಲ. ಹದಿನೆಂಟನೆಯ ವಯಸ್ಸಿನಲ್ಲಿ ಚಾಟ್ನಿಯ ಕತ್ತರಿ ನುಂಗಿತ್ತು. ಆ ಮೊಂಡು ಬೆರಳು ತೋರಿಸಿದ ಅಕ್ಷರಗಳಲ್ಲೇ ಇದನ್ನು ಬರೆಯುತ್ತಿದ್ದೇನೆ ಎಂಬುದು ಗೊತ್ತಿದೆ ನನಗೆ.

ಓದು ಮುಗಿಸಿ ನಾನು ಸೇರಿದ್ದು ಮದ್ಯದ ಒಂದು ದೊಡ್ಡ ಕಂಪನಿಗೆ. ವಿಲೆ ಪಾರ್ಲೆಯಲ್ಲಿ ಆಫೀಸು. ಬಾಟಲಿಯ ಹಿಂದೆ ನಾಲ್ಕು ಸಾಲು ಬರೆದಿರುತ್ತಾರಲ್ಲ, ಈ ವೈನ್ ಎಲ್ಲಿಂದ ಬಂತು, ಯಾವ ಮಣ್ಣು, ಯಾವ ಗಾಳಿ — ಅದನ್ನು ಬರೆಯುವ ಕೆಲಸ. ಮನೆಯಲ್ಲಿ ಹಣ್ಣಿನ ರಸದ ಕಂಪನಿ ಎಂದು ಹೇಳಿದ್ದೆ. ಪೂರ್ತಿ ಸುಳ್ಳಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ. ಹಣ್ಣಿನ ರಸವೇ, ಸ್ವಲ್ಪ ಹೆಚ್ಚು ದಿನ ಇಟ್ಟದ್ದು. ನಾನೇ ಒಂದು ತೊಟ್ಟು ನಾಲಿಗೆಗೆ ಮುಟ್ಟಿಸಿದವಳಲ್ಲ. ಮುಟ್ಟದೆ ಬರೆಯುವುದು ನನಗೆ ಹೆಮ್ಮೆಯ ಸಂಗತಿಯೂ ಆಗಿತ್ತು — ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

ಆ ಹೊತ್ತಿಗೆ ಗಿರಾಕಿಗಳ ಗಾಳಿ ಬದಲಾಗಿತ್ತು. ದೊಡ್ಡ ಕಂಪನಿಯ ಮಾಲು ಬೇಡ, ಸಣ್ಣ ತೋಟದವರು ತಾವೇ ಮಾಡಿದ್ದು ಬೇಕು ಎನ್ನುವವರು ಹೆಚ್ಚಾಗಿದ್ದರು. ಅವರನ್ನೂ ಬಿಡುವುದೇಕೆ ಎಂದು ದೊಡ್ಡ ಕಂಪನಿಯೇ ಸಣ್ಣದರ ವೇಷ ಹಾಕಿತು. ಬೇರೊಂದು ಹೆಸರಿನಲ್ಲಿ ಕಂಪನಿ ನೋಂದಣಿಯಾಯಿತು, ವಿಳಾಸಕ್ಕೆ ಎಲ್ಲೋ ಒಂದು ಕೋಣೆ ಸಿಕ್ಕಿತು, ವೈನಿಗೆ 'ಜುನಿ ಕಾತ್ರಿ' ಎಂದು ಹೆಸರಾಯಿತು. ಮರಾಠಿಯಲ್ಲಿ ಹಳೆಯ ಕತ್ತರಿ ಎಂದರ್ಥ. ಹೆಸರು ಕೊಟ್ಟವಳು ನಾನೇ. ನಾಸಿಕದ ಕಡೆಯ ಒಂದು ಕುಟುಂಬ, ಮೂರು ತಲೆಮಾರು, ಒಂದೇ ತೋಟ, ಅಜ್ಜನ ಕಾಲದ ಒಂದೇ ಕತ್ತರಿ — ಎಲ್ಲ ನನ್ನ ತಲೆಯಿಂದ ಇಳಿದದ್ದು. ಕೊನೆಯ ಸಾಲು ಹೀಗಿತ್ತು: ನಾವು ಕಂಪನಿಯಲ್ಲ, ಕುಟುಂಬ. ಅದನ್ನು ಓದಿ ನಮ್ಮ ವಿಭಾಗದ ಮೇಡಂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನಗೆ ಸಂತೋಷವಾಯಿತು. ಆದ ಸಂತೋಷವನ್ನು ಈಗ ಇಲ್ಲವೆನ್ನುವುದು ಇನ್ನೊಂದು ಸುಳ್ಳಾಗುತ್ತದೆ.

ಬಾಟಲಿಯ ಮೇಲೆ ಚಾಟ್ನಿ ಮಾಡುವ ಕೈಗಳ ಚಿತ್ರ ಬೇಕಿತ್ತು. ತರಿಸಿದ ಚಿತ್ರಗಳಲ್ಲೆಲ್ಲ ಕ್ರೀಮ್ ಹಚ್ಚಿದ ಕೈಗಳು. ಅವು ಹೇಗಿರಬೇಕು ಗೊತ್ತೇ ಎಂದು ತೋರಿಸಲು — ಅಷ್ಟಕ್ಕೇ, ನಿಜವಾಗಿ ಅಷ್ಟಕ್ಕೇ ಎಂದು ನಾನು ಬಹಳ ಕಾಲ ನಂಬಿದ್ದೆ — ನನ್ನ ಮೊಬೈಲ್ ತೆಗೆದೆ. ಚಾಚಾ ಪ್ರತಿವರ್ಷ ದ್ರಾಕ್ಷಿಯ ವ್ಯಾಪಾರ ಮುಗಿಸಿ ಏಪ್ರಿಲ್ ಚಾಟ್ನಿಗೆ ಊರಿಗೆ ಹೋಗುತ್ತಿದ್ದರು, ಕೂಲಿಗಲ್ಲ, ಹಂಬಲಕ್ಕೆ. ಹಿಂದಿನ ಏಪ್ರಿಲ್‌ನಲ್ಲಿ ನಾನೂ ಜೊತೆಗೆ ಹೋಗಿ ಅವರ ಕೈಗಳ ಫೋಟೊ ತೆಗೆದಿದ್ದೆ. ಬೆರಳ ತುದಿ ಇಲ್ಲದ್ದರಿಂದ ಅವರು ಕಡ್ಡಿಯನ್ನು ಎಲ್ಲರಂತೆ ಹಿಡಿಯುವುದಿಲ್ಲ. ನಡುಬೆರಳು, ಉಂಗುರಬೆರಳಿನ ಸಂದಿನಲ್ಲಿ ಸಿಕ್ಕಿಸಿಕೊಂಡು ಕೆಳಗಿನಿಂದ ಕತ್ತರಿ ತರುತ್ತಾರೆ. ಮೇಡಂ ಮೊಬೈಲನ್ನು ನನ್ನ ಕೈಯಿಂದ ಇಸಿದುಕೊಂಡು, ಇದೇ, ಈ ಮೊಂಡು ಬೆರಳೇ ಎಂದರು. ಚಿತ್ರಕಾರ ಗೆರೆಗೆರೆಯಾಗಿ ಅದನ್ನೇ ಬಿಡಿಸಿದ. ಬೇಡ ಎನ್ನಲು ನನಗೆ ಒಂದು ಇಡೀ ವಾರ ಸಮಯವಿತ್ತು.

ಊರಿಂದ ಬಂದ ಮೇಲೆ ಚಾಚಾ ಎರಡು ಮೂರು ಸಲ, ಆ ಫೋಟೊ ತೊಳಸಿ ತಂದೀಯೇನು ಎಂದು ಕೇಳಿದ್ದರು. ಫೋಟೊ ಎಂದರೆ ಇನ್ನೂ ತೊಳೆಸುವುದು ಅವರಿಗೆ. ಸರಿಯಾಗಿ ಬರಲಿಲ್ಲ ಎಂದಿದ್ದೆ.

ವೈನ್ ಓಡಿತು. ಬಾಂದ್ರಾದ ಹೋಟೆಲುಗಳವರು, ದೊಡ್ಡ ಕಂಪನಿಗಳನ್ನು ಬಾಗಿಲಲ್ಲೇ ನಿಲ್ಲಿಸುತ್ತಿದ್ದವರು, ಇದನ್ನು ಕರೆದು ತರಿಸಿಕೊಂಡರು. ಯಾವುದೋ ನಿಜವಾದ ಸಣ್ಣ ತೋಟದವನ ಬಾಟಲಿ ಆ ಕಪಾಟಿನಿಂದ ಇಳಿದಿರಲೂಬೇಕು. ಅವನ ಹೆಸರು ನನಗೆ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳಲಿಲ್ಲ. ನಮ್ಮೆಲ್ಲರಿಂದ ಒಂದು ಕಾಗದಕ್ಕೆ ಸಹಿ ಹಾಕಿಸಿದ್ದರು. ಇದರ ಯಜಮಾನರು ಯಾರು, ಕಥೆ ಯಾರದು, ಚಿತ್ರ ಯಾರದು — ಹೊರಗೆ ಯಾರಿಗೂ, ಮನೆಯಲ್ಲೂ ಹೇಳುವಂತಿಲ್ಲ. ಒಂದು ದಿನ ವೈನ್ ಹುಚ್ಚಿನ ಯಾರೋ ಒಬ್ಬರು ಆನ್‌ಲೈನಿನಲ್ಲಿ ಕೇಳಿದರು: ಈ ಕುಟುಂಬ ಎಲ್ಲಿದೆ, ನಾವು ಹೋಗಿ ಆ ಅಜ್ಜನನ್ನು ನೋಡಬೇಕು. ಆಫೀಸಿನಲ್ಲಿ ಬಾಗಿಲು ಮುಚ್ಚಿ ಸಭೆ ನಡೆಯಿತು. ಮೇಡಂ ನನ್ನನ್ನೇ ನೋಡುತ್ತ ಹೇಳಿದರು — ಆ ಕೈ ಯಾರದೆಂದು ಹೊರಬಿದ್ದರೆ ಎಲ್ಲವೂ ಹೊರಬೀಳುತ್ತದೆ, ಮೊದಲು ಹೋಗುವುದು ನಿನ್ನ ತಲೆ.

ಅದರ ಮರುದಿನ ಭಾನುವಾರ.

ನಾನಾಗ ಮುಲುಂಡ್‌ನಲ್ಲಿ ಇರಲು ಶುರುಮಾಡಿದ್ದೆ. ಭಾನುವಾರಗಳಲ್ಲಿ ಲೋಕಲ್ ಹಿಡಿದು, ಕುರ್ಲಾದಲ್ಲಿ ಬದಲಿಸಿ, ಆಂಟಾಪ್ ಹಿಲ್‌ಗೆ ಊಟಕ್ಕೆ ಹೋಗುತ್ತಿದ್ದೆ. ಪಕ್ಕದ ಖೋಲಿಯ ಜ್ಯೋತಿತಾಯಿ ವಡಾಲಾದ ದೊಡ್ಡ ಬಿಲ್ಡಿಂಗ್ ಒಂದರಲ್ಲಿ ಮನೆಗೆಲಸ ಮಾಡುವವರು. ಅಲ್ಲಿಂದ ಖಾಲಿ ಬಾಟಲಿ ತಂದು, ಚೆಂದವಿದೆಯೆಂದು ತೊಳೆದು, ಮನಿಪ್ಲಾಂಟ್ ಹಾಕಿ ಕಿಟಕಿಯಲ್ಲಿ ಇಟ್ಟಿದ್ದರು. ಊಟಕ್ಕೆ ಕೂರುವ ಮೊದಲು ಚಾಚಾ ಆ ಬಾಟಲಿಯನ್ನು ಬಳ್ಳಿಯ ಸಮೇತ ಎತ್ತಿಕೊಂಡು ಒಳಗೆ ಬಂದರು. ಮಂಚದ ತುದಿಯಲ್ಲಿ ಕೂತು, ಗೊಂಚಲನ್ನು ಹಿಡಿಯುವಂತೆಯೇ ಅದನ್ನು ಬೆಳಕಿಗೆ ಹಿಡಿದರು. ನನ್ನ ತಟ್ಟೆಗೆ ಚಾಚಿ ಅನ್ನ ಬಡಿಸುತ್ತಿದ್ದರು.

"ಬೇಟಾ, ಇವು ನನ್ನ ಕೈ."

ಚಾಚಿ ನಕ್ಕರು. ನಾನು ನಗಲಿಲ್ಲ. ಚಾಚಾ ಬಾಟಲಿಯನ್ನು ನನ್ನತ್ತ ತಿರುಗಿಸಿ ತಮ್ಮ ಮೊಂಡು ಬೆರಳನ್ನು ಚಿತ್ರದ ಮೊಂಡು ಬೆರಳಿನ ಪಕ್ಕ ಇಟ್ಟರು.

"ನೋಡಿಲ್ಲಿ. ಕಡ್ಡಿ ಹಿಂಗ ನಾನೊಬ್ಬನ ಹಿಡಿಯಾಂವ. ಶರಾಬಿನ ಬಾಟ್ಲಿ ಮ್ಯಾಲ ನನ್ನ ಕೈ ಯಾಕ ಬಂದ್ವು?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅನುಮಾನವೂ ಇರಲಿಲ್ಲ — ಆ ಕೈಗಳ ಫೋಟೊ ತೆಗೆದವಳು ಜಗತ್ತಿನಲ್ಲಿ ನಾನೊಬ್ಬಳೇ, ಆದರೂ. ಓದಿದವಳಲ್ಲವೇ, ಇವಳು ಬಿಡಿಸಿ ಹೇಳುತ್ತಾಳೆ ಎಂದು ಕೇಳಿದರು, ಅಷ್ಟೇ. ಬಿಸಿ ತುಪ್ಪ ಬಾಯಲ್ಲಿತ್ತು ನನಗೆ, ನುಂಗುವಂತಿರಲಿಲ್ಲ, ಉಗುಳುವಂತಿರಲಿಲ್ಲ. ಹೌದು ಎಂದರೆ ಹಣ್ಣಿನ ರಸದ ಸುಳ್ಳು ಬೀಳುತ್ತಿತ್ತು. ಅವರು ಸಂಜೆ ಗಾಡಿಯ ಹತ್ತಿರ ನಾಲ್ಕು ಜನಕ್ಕೆ ಹೇಳುತ್ತಿದ್ದರು, ಜ್ಯೋತಿತಾಯಿ ವಡಾಲಾದ ಆ ಮನೆಯಲ್ಲಿ ಹೇಳುತ್ತಿದ್ದರು, ಮಾತು ನಡೆದು ನಡೆದು ವಿಲೆ ಪಾರ್ಲೆ ಮುಟ್ಟುತ್ತಿತ್ತು. ನಾನು ಹೇಳಿದೆ:

"ಅಲ್ಲ ಚಾಚಾ, ಅದು ಬರೇ ಗೆರಿ ಚಿತ್ರ. ನಿಮ್ಮ ಕಣ್ಣಿಗೆ ಹಂಗ ಕಾಣಾಕತ್ತೈತಿ. ಡಾಕ್ಟರಿಗೆ ತೋರಸಬೇಕು ನಿಮ್ಮ ಕಣ್ಣು."

ಅವರು ಮತ್ತೊಮ್ಮೆ ಬಾಟಲಿ ನೋಡಿದರು. ಆಮೇಲೆ ತಮ್ಮ ಕೈ ನೋಡಿಕೊಂಡರು. ಆಮೇಲೆ ನನ್ನನ್ನು. ನಾನು ಅನ್ನ ಕಲಸಿದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅನ್ನುತ್ತಾರೆ. ನಾನು ಅವರ ಅಂಗೈಯನ್ನೇ ಅವರದಲ್ಲ ಎಂದು ಒಪ್ಪಿಸಿದ್ದೆ. ಹೌದೇನೋ ಎನ್ನುತ್ತ ಅವರು ಬಾಟಲಿಯನ್ನು ಜ್ಯೋತಿತಾಯಿಯ ಕಿಟಕಿಗೆ ಮರಳಿ ಇಟ್ಟು ಬಂದು ಊಟಕ್ಕೆ ಕೂತರು. ಆ ದಿನ ಅವರು ಮೀನಿನ ಮುಳ್ಳನ್ನು ಬೆರಳಿನಿಂದ ಬಹಳ ಹೊತ್ತು ತಡಕುತ್ತಿದ್ದರು.

ಅಲ್ಲಿಗೇ ನಿಂತಿದ್ದರೆ ಇದನ್ನು ಬಾಯಿತಪ್ಪಿ ಬಂದ ಮಾತು ಎನ್ನಬಹುದಿತ್ತು. ನಿಲ್ಲಲಿಲ್ಲ. ಹೇಳಿದ ಮೇಲೆ ಕಣ್ಣು ತೋರಿಸಲೇಬೇಕಲ್ಲ. ಮುಂದಿನ ಶನಿವಾರ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಪರೀಕ್ಷೆ ಮಾಡಿ ನನ್ನೊಂದಿಗೆ ಇಂಗ್ಲಿಷಿನಲ್ಲಿ ಮಾತಾಡಿದರು: ಪೊರೆ ಈಗಷ್ಟೇ ಎಳೆಯಂತೆ ಶುರುವಾಗಿದೆ, ವರ್ಷಗಟ್ಟಲೆ ಏನೂ ಮಾಡಬೇಕಾಗಿಲ್ಲ, ಈ ವಯಸ್ಸಿಗೆ ಇಷ್ಟು ಒಳ್ಳೆಯ ಕಣ್ಣು ನಾನು ನೋಡಿದ್ದು ಕಡಿಮೆ, ಓದುವಾಗ ಒಂದು ಕನ್ನಡಕ ಹಾಕಿಕೊಳ್ಳಲಿ ಸಾಕು. ಚಾಚಾ ಕುರ್ಚಿಯಲ್ಲಿ ನೆಟ್ಟಗೆ ಕೂತು ನಮ್ಮಿಬ್ಬರ ಬಾಯಿ ನೋಡುತ್ತಿದ್ದರು. ಹೊರಗೆ ಬಂದು, ಏನಂದರು ಎಂದು ಕೇಳಿದರು. ಪೊರೆ ಬಂದಿದೆಯಂತೆ, ಎಚ್ಚರವಾಗಿರಬೇಕಂತೆ ಎಂದೆ. ಅಷ್ಟನ್ನೇ ಆರಿಸಿ ಹೇಳಿದೆ. ಎಷ್ಟು ಹೇಳಬೇಕು, ಎಷ್ಟು ಬಿಡಬೇಕು ಎಂಬುದರಲ್ಲಿ ನನ್ನ ಕೈ ಪಳಗಿತ್ತು.

ಇದನ್ನೆಲ್ಲ ಧರ್ಮಕ್ಕೆ ಹೆದರಿ ಮಾಡಿದೆ, ಶರಾಬಿನ ಬಾಟಲಿಯ ಮೇಲೆ ತಮ್ಮ ಕೈ ಎಂದು ತಿಳಿದರೆ ಅವರ ಎದೆ ಒಡೆಯುತ್ತಿತ್ತು, ಅದಕ್ಕಾಗಿ — ಹೀಗೆ ಎಷ್ಟೋ ರಾತ್ರಿ ನನಗೆ ನಾನೇ ಹೇಳಿಕೊಂಡಿದ್ದೇನೆ. ಅಲ್ಲ. ಆ ಕ್ಷಣದಲ್ಲಿ ನನ್ನ ಕಣ್ಣಮುಂದೆ ಬಂದದ್ದು ಮೇಡಂ ಮುಖ.

ದ್ರಾಕ್ಷಿಯ ಕಾಲ ಬಂತು. ಚಾಚಾ ಗೊಂಚಲನ್ನು ಬೆಳಕಿಗೆ ಹಿಡಿಯುತ್ತಾರೆ, ತೀರ್ಪು ಕೊಡುವುದಿಲ್ಲ ಎಂದು ಚಾಚಿ ಫೋನಿನಲ್ಲಿ ಹೇಳಿದರು. ಎತ್ತುತ್ತಾರಂತೆ, ನೋಡುತ್ತಾರಂತೆ, ಇಳಿಸುತ್ತಾರಂತೆ. ಗಿರಾಕಿಗೇ, ನೀವೇ ಆರಿಸಿಕೊಳ್ಳಿ ಎನ್ನುತ್ತಾರಂತೆ. ಒಮ್ಮೆ ಯಾರೋ ಒಂದು ಗೊಂಚಲು ಕೊಳೆತಿದೆಯೆಂದು ವಾಪಸು ತಂದರು. ಯಾವ ಗಾಡಿಯಲ್ಲಾದರೂ ಆಗುವ ಮಾತು. ಆ ವಾರ ಚಾಚಾ ಗಾಡಿಯನ್ನು ಪಕ್ಕದ ಗಾಡಿಯವನಿಗೆ ಒಪ್ಪಿಸಿ ಮನೆಗೆ ಬಂದರು. ಇನ್ನೂ ಹತ್ತು ವರ್ಷ ದುಡಿಯಬಲ್ಲ ಗಟ್ಟಿ ಆಳು ನನ್ನ ಚಾಚಾ. ನಾನು ಓಡಿಹೋಗಿ, ಯಾಕೆ ಬಿಟ್ಟಿರಿ ಎಂದು ಕೇಳಿದೆ — ಕೇಳುವ ಮುಖವಾದರೂ ಹೇಗೆ ಇತ್ತೋ.

"ತನ್ನ ಕೈ ತನಗ ಗುರ್ತ ಸಿಗದಾಂವ ಮಂದಿಗೆ ದ್ರಾಕ್ಷಿ ಹೆಂಗ ಆರಿಸಿ ಕೊಡ್ಲಿ, ಬೇಟಾ?"

ಆಗ ಹೇಳಬೇಕಿತ್ತು. ಚಾಚಿ ಚಹಾ ತಂದಿಟ್ಟರು, ನಾನು ಚಹಾ ಕುಡಿದೆ.

ಆ ಏಪ್ರಿಲ್‌ನಲ್ಲಿ ಅವರು ಊರಿಗೂ ಹೋಗಲಿಲ್ಲ. ಒಂದು ಕಣ್ಣು ಆಚೀಚೆ ಆದರೆ ಯಾರದೋ ಇಡೀ ವರ್ಷ ಹಾಳಾಗುತ್ತದೆ ಎಂದರಂತೆ. ಓದುವ ಕನ್ನಡಕ ಮಾಡಿಸಿ ಕೊಟ್ಟೆ. ಅದು ಡಬ್ಬಿಯಲ್ಲೇ ಇದೆ. ಕನ್ನಡಕ ಹಾಕಿದರೂ ಕಂಡದ್ದು ನಿಜವೋ ಅಲ್ಲವೋ ಗೊತ್ತಾಗಬೇಕಲ್ಲ ಎಂದು ನಗುತ್ತಾರೆ. ಕನ್ನಡ ಪೇಪರನ್ನು ಈಗ ಭಾನುವಾರ ನಾನು ಹೋದಾಗ ಓದಿ ಹೇಳುತ್ತೇನೆ. ನನ್ನ ತಪ್ಪು ಉಚ್ಚಾರವನ್ನು ಅವರು ಕಣ್ಣು ಮುಚ್ಚಿಕೊಂಡೇ ತಿದ್ದುತ್ತಾರೆ. ಆ ಹೊತ್ತು ಅವರಿಗೆ ಬಹಳ ಇಷ್ಟ. ಅದೇ ನನಗೆ ಉಸಿರುಕಟ್ಟಿಸುವುದು. ಖೋಲಿಯ ಬಾಗಿಲು ತೆರೆದೇ ಇರುತ್ತದೆ, ನಾನು ಎದ್ದು ಹೋಗುವ ಹಾಗಿಲ್ಲ, ಕೂತಿರುವ ಹಾಗೂ ಇಲ್ಲ. ನನ್ನ ಸುಳ್ಳಿನಿಂದಲೇ ನನಗೆ ಸಿಕ್ಕ ಕೆಲಸ ಅದು, ಅದಕ್ಕಾಗಿ ಅವರು ನನಗೆ ದುವಾ ಕೊಡುತ್ತಾರೆ.

ಮತ್ತೆ ಆ ಗುಟ್ಟು? ಕಳೆದ ತಿಂಗಳು ಯಾರೋ ಒಬ್ಬರು 'ಜುನಿ ಕಾತ್ರಿ'ಯ ಬಾಟಲಿಯನ್ನು ನಮ್ಮ ಕಂಪನಿಯ ಇನ್ನೊಂದು ಬಾಟಲಿಯ ಪಕ್ಕ ಇಟ್ಟು, ಹಿಂದೆ ಸಣ್ಣಕ್ಷರದಲ್ಲಿದ್ದ ಪರವಾನಗಿಯ ನಂಬರು ಎರಡರಲ್ಲೂ ಒಂದೇ ಎಂದು ಫೋಟೊ ಹಾಕಿದರು. ಕುಟುಂಬವೂ ಇಲ್ಲ, ಅಜ್ಜನೂ ಇಲ್ಲ, ಎಲ್ಲ ಒಂದೇ ಕಾರ್ಖಾನೆ ಎಂದು ಬರೆದರು. ಮೇಡಂ ಕರೆಯುತ್ತಾರೆಂದು ನಾನು ಆಫೀಸಿನಲ್ಲಿ ಕಾದು ಕೂತಿದ್ದೆ. ಆಕಾಶ ಬೀಳಲಿಲ್ಲ. ಎರಡು ದಿನ ಕೆಲವರು ಬೈದರು, ಕೆಲವರು ಜೋಕು ಮಾಡಿದರು, ಹೆಚ್ಚಿನವರು ರುಚಿ ಚೆನ್ನಾಗಿದೆಯಲ್ಲ, ಯಾರದಾದರೇನು ಎಂದರು. ಮೇಡಂ ಸಭೆ ಕೂಡ ಕರೆಯಲಿಲ್ಲ. ವೈನ್ ಮೊದಲಿನಂತೆಯೇ ಹೋಗುತ್ತಿದೆ. ನಾನು ಒಬ್ಬ ಮನುಷ್ಯನ ಕಣ್ಣು ಕೊಟ್ಟು ಕಾದಿದ್ದು, ಹೊರಗೆ ಬಿದ್ದಾಗ ಯಾರೂ ಬಗ್ಗಿ ಎತ್ತಿಕೊಳ್ಳದಂಥ ವಸ್ತುವನ್ನು.

ಕಳೆದ ಭಾನುವಾರ ಚಾಚಾ ಸ್ಟೇಷನ್ನಿನವರೆಗೆ ನನ್ನನ್ನು ಬಿಡಲು ಬಂದರು. ದಾರಿಯಲ್ಲಿ ಅವರ ಹಳೆಯ ಗಾಡಿಯೇ ನಿಂತಿತ್ತು. ಈ ವರ್ಷದ ಮೊದಲ ದ್ರಾಕ್ಷಿ. ಚಾಚಾ ಒಂದು ಗೊಂಚಲು ಎತ್ತಿದರು, ಬೆಳಕಿನ ಕಡೆ ಅರ್ಧ ಏರಿಸಿ ನಿಲ್ಲಿಸಿದರು, ಆಮೇಲೆ ನನ್ನ ಮುಂದೆ ಹಿಡಿದರು.

"ನಿನ್ನ ಕಣ್ಣು ಚಲೋ ಅದಾವು. ನೀನ ನೋಡಿ ಹೇಳು, ಒಯ್ಯೂಣೇನು?"

ನನಗೆ ದ್ರಾಕ್ಷಿಯ ಗಂಧಗಾಳಿ ಇಲ್ಲ. ತೊಟ್ಟು ಕಂದಾಗಿತ್ತೋ ಹಸಿರಾಗಿತ್ತೋ, ನನ್ನ ಕಣ್ಣು ತುಂಬಿದ್ದರಿಂದ ಅದೂ ಕಾಣಲಿಲ್ಲ. ಚೆನ್ನಾಗಿವೆ ಎಂದೆ. ಅವರು ಒಂದು ಪ್ರಶ್ನೆಯೂ ಇಲ್ಲದೆ ಅದನ್ನು ಕಟ್ಟಿಸಿಕೊಂಡರು.

ಈ ಕಂಪನಿಯ ಹೆಸರನ್ನು ಇಲ್ಲಿ ಬರೆದಿಲ್ಲ. ದೊಡ್ಡತನಕ್ಕಲ್ಲ, ಸಹಿ ಹಾಕಿದ ಆ ಕಾಗದದ ಹೆದರಿಕೆ ಇನ್ನೂ ಇದೆ. ನಾನು ಇನ್ನೂ ಅಲ್ಲೇ ಕೆಲಸ ಮಾಡುತ್ತೇನೆ, ಆ ಫೋಟೊದಲ್ಲಿದ್ದ ಎರಡನೆಯ ಬಾಟಲಿಗೂ ಕಥೆ ಬರೆದದ್ದು ನಾನೇ. ಆದರೆ ಆ ಕೈ ಯಾರದು ಎಂದು ಮನೆಯಲ್ಲೂ ಹೇಳಕೂಡದು ಎಂಬ ಸಾಲನ್ನು ನಾಳೆ ಮುರಿಯುತ್ತೇನೆ. ನಾಳೆ ಭಾನುವಾರ. ಜ್ಯೋತಿತಾಯಿಯ ಕಿಟಕಿಯಿಂದ ಆ ಬಾಟಲಿಯನ್ನು ಕೇಳಿ ತರುತ್ತೇನೆ. ಚಾಚಾ ಪೇಪರ್ ಓದು ಎನ್ನುತ್ತಾರೆ. ಡಬ್ಬಿಯಿಂದ ಕನ್ನಡಕ ತೆಗೆದು ಅವರ ಕೈಗೆ ಕೊಟ್ಟು, ಪೇಪರಿನ ಬದಲು ನಾನು ಬರೆದ ಈ ಹಾಳೆಗಳನ್ನು ಅವರ ಮುಂದೆ ನೆಲದ ಮೇಲೆ ಹರವುತ್ತೇನೆ. ಆಮೇಲೆ ಅವರು ನನ್ನ ಮುಖ ನೋಡದೆ ಇರಬಹುದು, ಮತ್ತೆ ಬರಬೇಡ ಎನ್ನಬಹುದು. ಅದು ಅವರ ತೀರ್ಪು. ನಾನು ಓದಿ ಹೇಳುವುದಿಲ್ಲ. ಅವರೇ ಓದಲಿ. ಅವರಿಗೆ ಕಾಣಿಸುತ್ತದೆ.